ಟೆಸ್ಟ್‌ಗಳಲ್ಲಿ ಸಾಕಿದ ಸುಳ್ಳು ಸಂದೇಶಗಳು

ಮೂರು ವಾರಗಳಿಂದ ನಾನು ಬರೆದದ್ದಕ್ಕಿಂತ ಅಳಿಸಿದ್ದೇ ಹೆಚ್ಚು. ಮ್ಯಾಟ್ರಿಕ್ಸ್ ಪ್ರೋಟೋಕಾಲ್ (ಚಾಟ್ ಸಂದೇಶಗಳು ಹೇಗೆ ಸಾಗಬೇಕೆಂದು ಹೇಳುವ ನಿಯಮಾವಳಿ) ಬಳಸುವ ಚಾಟ್ ಆ್ಯಪ್ ಒಂದರ ಹಳೆಯ ಕೋಡನ್ನು ಚೊಕ್ಕಟ ಮಾಡುವ ಕೆಲಸ. ಮೊದಲು ಕೋಡಿಗೆ ಕೈ ಹಾಕಿ, ಟೆಸ್ಟ್‌ಗಳನ್ನು (ಕೋಡ್ ಸರಿಯಾಗಿದೆಯೇ ಎಂದು ಪರೀಕ್ಷಿಸುವ ಪುಟ್ಟ ಪ್ರೋಗ್ರಾಂಗಳನ್ನು) ಆಮೇಲೆ ನೋಡಿಕೊಂಡರಾಯಿತು ಎಂದರು ಜೊತೆಯವರು. ನಾನು ಟೆಸ್ಟ್‌ಗಳಿಂದಲೇ ಶುರು ಮಾಡಿದೆ. ಅದೇ ಸರಿಯೆಂದು ಈಗಲೂ ಜಗಳವಾಡುತ್ತೇನೆ.

ಮ್ಯಾಟ್ರಿಕ್ಸ್‌ನಲ್ಲಿ ನಡೆದದ್ದೆಲ್ಲ ಈವೆಂಟ್ ಎಂಬ ದಾಖಲೆಯಾಗುತ್ತದೆ: ಸಂದೇಶ ಕಳುಹಿಸಿದರೂ ಈವೆಂಟ್, ಯಾರಾದರೂ ರೂಮಿಗೆ ಸೇರಿದರೂ ಈವೆಂಟ್. ಸಂದೇಶ ತಿದ್ದಿದರೆ ಹಳೆಯದು ಹಾಗೆಯೇ ಇದ್ದು, ಅದನ್ನು ಬೊಟ್ಟು ಮಾಡಿ ತೋರಿಸುವ ಹೊಸದೊಂದು ಬರುತ್ತದೆ. ಅಳಿಸಿದರೂ ಈವೆಂಟ್ ಮಾಯವಾಗುವುದಿಲ್ಲ. ತಿರುಳು ಹೋಗಿ ಸಿಪ್ಪೆ ಉಳಿಯುತ್ತದೆ. ಐಡಿ ಇರುತ್ತದೆ, ಕಳುಹಿಸಿದವರು ಯಾರೆಂದು ಇರುತ್ತದೆ, ಪಠ್ಯ ಮಾತ್ರ ಇಲ್ಲ.

ನಮ್ಮ ಟೆಸ್ಟ್‌ಗಳಲ್ಲಿ ಇಂಥ ಸಿಪ್ಪೆ ಒಂದೂ ಇರಲಿಲ್ಲ. ಯಾರೋ ಎಂದೋ ಕೈಯಾರೆ ಬರೆದ ಒಂದು ನಕಲಿ ಈವೆಂಟನ್ನು ಉಳಿದವರೆಲ್ಲ ಕಾಪಿ ಮಾಡುತ್ತಾ ಬಂದಿದ್ದರು (ನಾನೂ ಮಾಡಿದ್ದೇನೆ, ಸುಳ್ಳೇಕೆ ಹೇಳಲಿ). ಅದರಲ್ಲಿ ಪಠ್ಯ ಯಾವಾಗಲೂ ಇರುತ್ತಿತ್ತು. ಹಾಗಾಗಿ ಪಠ್ಯವಿಲ್ಲದ ಈವೆಂಟ್ ಬಂದರೆ ಮುಗ್ಗರಿಸುವ ಕೋಡಿಗೂ ಟೆಸ್ಟ್ ಹಸಿರು ನಿಶಾನೆ ತೋರಿಸುತ್ತಿತ್ತು. ಟೈಮ್‌ಸ್ಟ್ಯಾಂಪ್ (ಸಂದೇಶದ ಸಮಯ ಹೇಳುವ ಸಂಖ್ಯೆ) ಕಥೆ ಇನ್ನೂ ಚೆಂದ. ಪ್ರೋಟೋಕಾಲ್ ಕೇಳುವುದು 1970ರ ಜನವರಿ 1ರಿಂದ ಎಣಿಸಿದ ಮಿಲಿಸೆಕೆಂಡುಗಳನ್ನು, ಅಂದರೆ ಈಗಿನ ಕಾಲಕ್ಕೆ 13 ಅಂಕಿ. ನಕಲಿಯಲ್ಲಿ ಇದ್ದದ್ದು ಸೆಕೆಂಡುಗಳ 10 ಅಂಕಿ. ಲೆಕ್ಕ ಹಾಕಿದರೆ ನಮ್ಮ ಟೆಸ್ಟ್‌ಗಳ ಸಂದೇಶಗಳೆಲ್ಲ 1970ರ ಜನವರಿಯಲ್ಲಿ ಹುಟ್ಟಿದವು! ದಿನಾಂಕ ತೋರಿಸುವ ಭಾಗವನ್ನು ಯಾವ ಟೆಸ್ಟೂ ನಿಜವಾಗಿ ಮುಟ್ಟಿರಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಮಾಡಿದ ಪರಿಹಾರ ದೊಡ್ಡದೇನಲ್ಲ. ಸರಿಯಾದ ಈವೆಂಟ್ ತಯಾರಿಸಿಕೊಡುವ ಒಂದೇ ಫಂಕ್ಷನ್ ಬರೆದು, ನಕಲಿಗಳ ಜಾಗದಲ್ಲೆಲ್ಲ ಅದನ್ನು ಕೂರಿಸಿದೆ. ಪ್ರತಿ ಟೆಸ್ಟ್ ತನಗೆ ಮುಖ್ಯವಾದ ವಿವರವನ್ನಷ್ಟೇ ಹೇಳುತ್ತದೆ. ಉಳಿದದ್ದು ಫಂಕ್ಷನ್ನಿನ ಪಾಲು. ಅಳಿಸಿದ ಸಂದೇಶಕ್ಕೂ ತಿದ್ದಿದ ಸಂದೇಶಕ್ಕೂ ಹೊಸ ಟೆಸ್ಟ್‌ಗಳನ್ನು ಸೇರಿಸಿದೆ. ಒಂದೇ ಸಂಜೆ 14 ಟೆಸ್ಟ್‌ಗಳು ಕೆಂಪಾದವು, ಅಂದರೆ ಫೇಲಾದವು. "ಚೆನ್ನಾಗಿದ್ದುದನ್ನು ಕೆಡಿಸಿದಿರಲ್ಲ" ಎಂದರು ಒಬ್ಬರು. ಕೆಟ್ಟಿದ್ದನ್ನು ತೋರಿಸಿದೆ ಅಷ್ಟೇ ಎಂದೆ, ಒಪ್ಪಲಿಲ್ಲ. ಮರುದಿನ ಅಳಿಸಿದ ಸಂದೇಶಕ್ಕೆ ಉತ್ತರ ಬರೆಯಲು ಹೋದಾಗ ಅವರದೇ ಆ್ಯಪ್ ಬಿತ್ತು.

ಕೊನೆಗೊಂದು ಟೆಸ್ಟ್ ಉಳಿದಿತ್ತು. ಅದರ ಹೆಸರು "ಸರಿಯಾಗಿ ಕೆಲಸ ಮಾಡುತ್ತದೆ". ಯಾವುದು ಎಂದು ತಂಡದಲ್ಲಿ ಒಬ್ಬೊಬ್ಬರನ್ನೇ ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ. ಅಳಿಸಿದೆ.