ಕಾರ್ಟ್ರಿಡ್ಜ್ ಇಲ್ದೇನೂ ಆಡಬಹುದಿತ್ತು
ಲೇಖನ ಚೆನ್ನಾಗಿದೆ ಸಾರ್, ಆದ್ರೆ ಹಳೇ ಕನ್ಸೋಲ್ (ವಿಡಿಯೋ ಗೇಮ್ ಮೆಷಿನ್) ಜೊತೆ ಕೊಡ್ತಿದ್ದ ಗೇಮ್‌ಗಳೆಲ್ಲಾ ಬರೀ ಮಾರಾಟದ ತಂತ್ರ ಅಂದ್ರಲ್ಲ, ಅದನ್ನ ಒಪ್ಪೋಕಾಗಲ್ಲ. ಸೆಗಾ ಮಾಸ್ಟರ್ ಸಿಸ್ಟಮ್ ತಗೊಳ್ಳಿ, ಮೊದಮೊದಲ ಮೆಷಿನ್‌ಗಳಲ್ಲಿ ಕಾರ್ಟ್ರಿಡ್ಜ್ (ಗೇಮ್ ತುಂಬಿ ಮೆಷಿನ್‌ಗೆ ಸಿಕ್ಕಿಸೋ ಡಬ್ಬಿ) ಏನೂ ಹಾಕದೆ ಆನ್ ಮಾಡಿ, ಮೇಲಿನ ದಿಕ್ಕಿನ ಜೊತೆ 1, 2 ಎರಡೂ ಬಟನ್ ಒಟ್ಟಿಗೆ ಒತ್ತಿ ಹಿಡಿದ್ರೆ ಸ್ನೇಲ್ ಮೇಜ್ ಅಂತ ಒಂದು ಆಟ ಬರ್ತಿತ್ತು, ಟೈಮ್ ಮುಗಿಯೋದ್ರೊಳಗೆ ಬಸವನಹುಳುನ ದಾರಿ ಹುಡುಕಿ ಹೊರಗೆ ತರ್ಬೇಕು ಅಷ್ಟೇ. ಇಷ್ಟು ಅಡಗಿಸಿಟ್ಟಿರೋದು ಬರೀ ಮಾರಾಟಕ್ಕೆ ಅಂದ್ರೆ ಹೇಗೆ ನಂಬೋದು?

ನನಗೆ ಎಲ್ಲಕ್ಕಿಂತ ಇಷ್ಟ 1982ರ ವೆಕ್ಟ್ರೆಕ್ಸ್ ಅನ್ನೋ ಕನ್ಸೋಲ್. ಅದಕ್ಕೆ ಟಿವಿನೇ ಬೇಡ, ಸ್ಕ್ರೀನ್ ಅದರಲ್ಲೇ ಇತ್ತು, ಒಳಗಡೆ ಮೈನ್ ಸ್ಟಾರ್ಮ್ ಅನ್ನೋ ಗೇಮ್. ಕತ್ತಲಲ್ಲಿ ಆ ಗೇಮ್‌ನ ಬಿಳಿ ಗೆರೆಗಳು ಚೂಪಾಗಿ ಹೊಳೆಯೋದು ನೋಡಿದ್ರೆ ಈಗ್ಲೂ ಮೈ ಜುಂ ಅನ್ನುತ್ತೆ. ಮೊದಲ ಆವೃತ್ತಿಲಿ 13ನೇ ಲೆವೆಲ್‌ಗೆ ಹೋದ್ರೆ ಗೇಮ್ ಕೈ ಕೊಡ್ತಿತ್ತು, ದೂರು ಕೊಟ್ಟವರಿಗೆ ಕಂಪನಿಯವ್ರು ಸರಿ ಮಾಡಿದ ಮೈನ್ ಸ್ಟಾರ್ಮ್ 2 ಕಾರ್ಟ್ರಿಡ್ಜ್ ಕಳಿಸಿಕೊಟ್ರು. ಒಳಗೇ ಸೇರಿಸಿದ ಗೇಮ್‌ನ ಆಮೇಲೆ ತಿದ್ದೋಕಾಗಲ್ವಲ್ಲ, ಬೇರೆ ದಾರಿ ಏನಿದೆ.

ಆಮೇಲೆ 1989ರಲ್ಲಿ ಅಮೆರಿಕದಲ್ಲಿ ಕೈಲಿ ಹಿಡಿದು ಆಡೋ ಗೇಮ್ ಬಾಯ್ ಮೆಷಿನ್ ಜೊತೆ, ಬೀಳೋ ತುಂಡುಗಳನ್ನ ಜೋಡಿಸೋ ಟೆಟ್ರಿಸ್ ಗೇಮ್ ಕೊಟ್ಟಿದ್ದು, ಅದನ್ನ ನೀವು ಒಂದೇ ಸಾಲಲ್ಲಿ ಮುಗಿಸಿಬಿಟ್ರಿ. ಗೇಮೇ ಆಡದ ದೊಡ್ಡವರು ಕೂಡ ಆ ಮೆಷಿನ್ ಕೈಗೆ ತಗೊಂಡಿದ್ದು ಅದರಿಂದಾನೇ, ಕೇಬಲ್ ಹಾಕಿ ಇಬ್ಬರು ಎದುರುಬದುರು ಆಡಬಹುದಿತ್ತು ಬೇರೆ. ದಯವಿಟ್ಟು ಇದರ ಬಗ್ಗೆನೇ ಇನ್ನೊಂದು ಲೇಖನ ಬರೀರಿ.