ಕೈಯಲ್ಲಿ ಕಾಸಿಲ್ಲದಾಗ ತೆರೆದ ಬಾಗಿಲು

2018ರ ಮೇ 26. ಕೀವ್‌ನಲ್ಲಿ ಯುರೋಪಿನ ಕ್ಲಬ್ ಫುಟ್‌ಬಾಲ್‌ನ ಅತಿ ದೊಡ್ಡ ಕಪ್, ಚಾಂಪಿಯನ್ಸ್ ಲೀಗ್‌ನ ಫೈನಲ್. ರಿಯಲ್ ಮ್ಯಾಡ್ರಿಡ್ ಒಂದು ಕಡೆ, ಲಿವರ್‌ಪೂಲ್ ಇನ್ನೊಂದು ಕಡೆ. ಅರ್ಧ ಗಂಟೆ ಆಗುವಷ್ಟರಲ್ಲಿ ಲಿವರ್‌ಪೂಲ್‌ನ ಸಲಾ ಭುಜಕ್ಕೆ ಪೆಟ್ಟಾಗಿ ಅಳುತ್ತಾ ಹೊರನಡೆದ. ಅವನ ಜಾಗಕ್ಕೆ ಇಳಿದವನು ಆಡಮ್ ಲಲಾನಾ. ಎರಡನೇ ಅರ್ಧದಲ್ಲಿ ರಿಯಲ್ ಪರವಾಗಿ ಗ್ಯಾರೆತ್ ಬೇಲ್ ಬಂದ. ಬಂದು ಉಸಿರು ಬಿಡುವಷ್ಟರಲ್ಲಿ ಆ ಬೈಸಿಕಲ್ ಕಿಕ್, ಗಾಳಿಯಲ್ಲಿ ಹಿಂದಕ್ಕೆ ಬಾಗಿ ತಲೆಯ ಮೇಲಿಂದ ಹೊಡೆದ ಗೋಲು. ಆಮೇಲೆ ದೂರದಿಂದ ಹೊಡೆದ ಇನ್ನೊಂದು ಗೋಲು. ರಿಯಲ್ 3-1ರಿಂದ ಗೆದ್ದಿತು. ಗಾಯದಿಂದಾಗಿ ಆ ರಾತ್ರಿ ಆಡಲಾಗದ ಲಿವರ್‌ಪೂಲ್ ಆಟಗಾರರಲ್ಲಿ ಅಲೆಕ್ಸ್ ಆಕ್ಸ್‌ಲೇಡ್-ಚೇಂಬರ್ಲೇನ್ ಒಬ್ಬ.

ಬೇಲ್, ಲಲಾನಾ, ಚೇಂಬರ್ಲೇನ್. ಮೂವರೂ ಒಂದೇ ಅಕಾಡೆಮಿಯ, ಅಂದರೆ ಕ್ಲಬ್ ತನ್ನ ಮಕ್ಕಳನ್ನು ಬೆಳೆಸುವ ತರಬೇತಿ ಶಾಲೆಯ, ಹುಡುಗರು. ಅದು ರಿಯಲ್‌ನದ್ದೂ ಅಲ್ಲ, ಲಿವರ್‌ಪೂಲ್‌ನದ್ದೂ ಅಲ್ಲ. ಸೌತಾಂಪ್ಟನ್‌ನದ್ದು. ಇಂಗ್ಲೆಂಡಿನ ಲೀಗ್ ಒಮ್ಮೆಯೂ ಗೆಲ್ಲದ ಕ್ಲಬ್. 1976ರ ಎಫ್‌ಎ ಕಪ್ (ಇಂಗ್ಲೆಂಡಿನ ನಾಕೌಟ್ ಕಪ್) ಬಿಟ್ಟರೆ ಅವರ ಕಪಾಟಿನಲ್ಲಿ ಹೇಳಿಕೊಳ್ಳುವಂಥ ದೊಡ್ಡ ಟ್ರೋಫಿ ಇಲ್ಲ.

ಯಾವ ಕ್ಲಬ್ಬಿನ ಅಕಾಡೆಮಿ ದೊಡ್ಡದು ಅನ್ನೋ ಜಗಳ ಅಭಿಮಾನಿಗಳ ನಡುವೆ ಮುಗಿಯುವುದೇ ಇಲ್ಲ. ಒಬ್ಬರು ಹೆಸರುಗಳ ಪಟ್ಟಿ ಹಾಕುತ್ತಾರೆ, ಇನ್ನೊಬ್ಬರು ಅದಕ್ಕಿಂತ ಉದ್ದದ ಪಟ್ಟಿ ಹಾಕುತ್ತಾರೆ. ಮಾರಿದ ಬೆಲೆಯ ಲೆಕ್ಕ ಬೇರೆ. ನನಗೆ ಈ ಎರಡೂ ಅಳತೆ ಸರಿ ಅನ್ನಿಸುವುದಿಲ್ಲ. ನಾನು ನೋಡುವುದು ಒಂದನ್ನೇ: ಹುಡುಗನಿಗೆ ಸೀನಿಯರ್ ತಂಡದಲ್ಲಿ ಆಡುವ ನಿಮಿಷ ಎಷ್ಟು ಸಿಕ್ಕಿತು? ಒಳ್ಳೆಯ ಮೈದಾನ, ಒಳ್ಳೆಯ ಕೋಚ್, ಡಯಟ್, ವಿಡಿಯೊ ವಿಶ್ಲೇಷಣೆ ಎಲ್ಲವನ್ನೂ ದುಡ್ಡು ಕೊಟ್ಟು ತರಬಹುದು. 17 ವರ್ಷದವನನ್ನು ಶನಿವಾರದ ಪಂದ್ಯಕ್ಕೆ ಇಳಿಸುವ ಧೈರ್ಯವನ್ನು ತರಲಾಗುವುದಿಲ್ಲ. ದುಡ್ಡು ಜಾಸ್ತಿಯಾದಷ್ಟೂ ಆ ಧೈರ್ಯ ಕಡಿಮೆಯಾಗುತ್ತದೆ ಎಂದೇ ನಾನು ನಂಬಿದ್ದೇನೆ.

ಸೌತಾಂಪ್ಟನ್ ಕಥೆಯನ್ನೇ ನೋಡಿ. 1988ರ ಏಪ್ರಿಲ್‌ನಲ್ಲಿ ಅಲನ್ ಶಿಯರರ್ ಎಂಬ ನ್ಯೂಕಾಸಲ್ ಕಡೆಯ ಹುಡುಗ ಮೊದಲ ಸಲ ಆರಂಭಿಕ ಹನ್ನೊಂದರಲ್ಲಿ ಬಂದ. ಎದುರಿಗೆ ಆರ್ಸೆನಲ್. ಹ್ಯಾಟ್ರಿಕ್ ಹೊಡೆದ. ಆಗ ಅವನ ವಯಸ್ಸು 17. ಮುಂದೆ ಇಂಗ್ಲೆಂಡಿನ ಅಗ್ರ ಲೀಗ್ ಆದ ಪ್ರೀಮಿಯರ್ ಲೀಗ್‌ನಲ್ಲಿ 260 ಗೋಲು ಹೊಡೆದದ್ದು ಬೇರೆ ಕ್ಲಬ್‌ಗಳಿಗೆ, ಆದರೆ ಬಾಗಿಲು ತೆರೆದದ್ದು ಇಲ್ಲಿ. ಅದೇ ಕಾಲದಲ್ಲಿ ಗರ್ನ್‌ಸಿ ದ್ವೀಪದಿಂದ ಬಂದ ಮ್ಯಾಟ್ ಲೆ ಟಿಸಿಯೇ 1986ರಿಂದ 2002ರವರೆಗೂ ಈ ಒಂದೇ ಕ್ಲಬ್‌ಗೆ ಆಡಿದ. 48 ಪೆನಾಲ್ಟಿಗಳಲ್ಲಿ 47 ಗೋಲು! ಅವನ ಬಗ್ಗೆ ಬರೆಯಲು ಕೂತರೆ ಈ ಪೋಸ್ಟ್ ಅಲ್ಲೇ ನಿಂತುಬಿಡುತ್ತದೆ, ಇರಲಿ.

ನನಗೆ ಹೆಚ್ಚು ಇಷ್ಟವಾದ ಅಧ್ಯಾಯ ಅದರ ನಂತರದ್ದು. 2005ರಲ್ಲಿ ಸೌತಾಂಪ್ಟನ್ ಪ್ರೀಮಿಯರ್ ಲೀಗ್‌ನಿಂದ ಕೆಳಗೆ ಬಿತ್ತು. ಅದೇ ವರ್ಷ ಅವರ ಹುಡುಗರು ಎಫ್‌ಎ ಯೂತ್ ಕಪ್ ಫೈನಲ್ ತಲುಪಿ ಇಪ್ಸ್‌ವಿಚ್ ಎದುರು ಸೋತರು. ಆ ತಂಡದಲ್ಲಿ ಥಿಯೊ ವಾಲ್ಕಾಟ್ ಇದ್ದ, ಲಲಾನಾ ಇದ್ದ, ನೇಥನ್ ಡೈಯರ್ ಇದ್ದ, ಡೇವಿಡ್ ಮೆಕ್‌ಗೋಲ್ಡ್ರಿಕ್ ಇದ್ದ. ಕೆಳಗಿನ ಡಿವಿಷನ್‌ಗೆ ಬಿದ್ದ ಕ್ಲಬ್ಬಿಗೆ ದೊಡ್ಡ ಹೆಸರುಗಳನ್ನು ಕೊಳ್ಳುವ ಶಕ್ತಿ ಇರಲಿಲ್ಲ. ಹಾಗಾಗಿ ವಾಲ್ಕಾಟ್ 16ಕ್ಕೇ ಆಡಿದ. 2006ರ ಜನವರಿಯಲ್ಲಿ ಆರ್ಸೆನಲ್ ಅವನನ್ನು ಕೊಂಡಿತು. ಅಲ್ಲಿ ಒಂದು ಪಂದ್ಯವೂ ಆಡುವ ಮುಂಚೆಯೇ ಇಂಗ್ಲೆಂಡ್ ವಿಶ್ವಕಪ್ ತಂಡಕ್ಕೆ ಆಯ್ಕೆಯಾದ.

ವಾಲ್ಕಾಟ್ ಹೋದ ಕೆಲವೇ ತಿಂಗಳಿಗೆ ಬೇಲ್ ಬಂದ, ಅವನಿಗೂ 16. ಕಾರ್ಡಿಫ್ ಹುಡುಗ. ಸೌತಾಂಪ್ಟನ್ ದೂರದ ಬಾತ್ ಊರಿನಲ್ಲಿ ಒಂದು ತರಬೇತಿ ಕೇಂದ್ರ ಇಟ್ಟಿತ್ತು. ಅವನು ಬೆಳೆದದ್ದು ಆ ದಾರಿಯಲ್ಲಿ. ಹದಿಹರೆಯದಲ್ಲಿ ಸಡನ್ನಾಗಿ ಉದ್ದ ಬೆಳೆದ. ಬೆನ್ನು ಕೈಕೊಟ್ಟಿತು, ಓಟ ಕುಂದಿತು. ಅವನನ್ನು ಉಳಿಸಿಕೊಳ್ಳಬೇಕೋ ಬೇಡವೋ ಎಂಬ ಅನುಮಾನ ಕ್ಲಬ್‌ನಲ್ಲೇ ಇತ್ತು. ಉಳಿಸಿಕೊಂಡರು. ನನ್ನ ಪ್ರಕಾರ ಒಂದು ಅಕಾಡೆಮಿಯ ನಿಜವಾದ ಕೆಲಸ ಇದೇ. 9 ವರ್ಷಕ್ಕೇ ಮಿಂಚುವ ಹುಡುಗನನ್ನು ಯಾರು ಬೇಕಾದರೂ ಗುರುತಿಸುತ್ತಾರೆ. 15ಕ್ಕೆ ಮಂಕಾಗಿರುವವನಿಗೆ ಇನ್ನೆರಡು ವರ್ಷ ಕಾಯುವವರು ಎಷ್ಟು ಜನ ಇದ್ದಾರೆ?

ಬಡತನಕ್ಕೆ ಇನ್ನೊಂದು ಮುಖವೂ ಇತ್ತು, ಅದನ್ನು ಮುಚ್ಚಿಡುವುದು ಸರಿಯಲ್ಲ. 2007ರಲ್ಲಿ ಬೇಲ್‌ನನ್ನು ಟಾಟನ್‌ಹ್ಯಾಮ್‌ಗೆ ಮಾರಿದಾಗ ಮೊದಲು 50 ಲಕ್ಷ ಪೌಂಡ್, ಮುಂದೆ ಅವನು ಆಡಿದಂತೆ 1 ಕೋಟಿವರೆಗೂ ಸಿಗಬಹುದು ಎಂಬ ಒಪ್ಪಂದ ಆಗಿತ್ತು. ಆದರೆ ಕ್ಲಬ್ಬಿಗೆ ತಕ್ಷಣ ದುಡ್ಡು ಬೇಕಿತ್ತು. ಬಾಕಿಗೆ ಕಾಯದೆ ಕಡಿಮೆ ಮೊತ್ತಕ್ಕೇ ಲೆಕ್ಕ ಮುಗಿಸಿಕೊಂಡರು. ವಾಲ್ಕಾಟ್ ವಿಷಯದಲ್ಲೂ ಹೀಗೇ ಆಯಿತು. 2013ರಲ್ಲಿ ಬೇಲ್ ಸುಮಾರು 10 ಕೋಟಿ ಯೂರೊಗೆ ಮ್ಯಾಡ್ರಿಡ್‌ಗೆ ಹೋದಾಗ ಸೌತಾಂಪ್ಟನ್ ಅಭಿಮಾನಿಗಳಿಗೆ ಹೇಗೆ ಆಗಿರಬೇಡ.

2009ರಲ್ಲಿ ಕ್ಲಬ್ಬಿನ ಮಾತೃಸಂಸ್ಥೆ ದಿವಾಳಿ ಅಂಚಿಗೆ ಬಂತು. ತಂಡ ಮೂರನೇ ಡಿವಿಷನ್‌ಗೆ ಬಿತ್ತು, ಅಲ್ಲೂ ಮೈನಸ್ 10 ಅಂಕದಿಂದ ಶುರು ಮಾಡಬೇಕಾಯಿತು. ಲಲಾನಾ ಅಲ್ಲೇ ಇದ್ದ. ಆ ಸೀಸನ್‌ನಲ್ಲಿ ವೆಂಬ್ಲಿಯಲ್ಲಿ ಕೆಳಗಿನ ಡಿವಿಷನ್‌ಗಳ ಕಪ್ ಆದ ಫುಟ್‌ಬಾಲ್ ಲೀಗ್ ಟ್ರೋಫಿ ಗೆದ್ದಾಗ ಗೋಲು ಹೊಡೆದವರಲ್ಲಿ ಅವನೂ ಒಬ್ಬ. ದೊಡ್ಡ ಕ್ಲಬ್‌ನಲ್ಲಿದ್ದಿದ್ದರೆ ಇಷ್ಟೊತ್ತಿಗೆ ಮೂರು ಕಡೆ ಲೋನ್‌ನಲ್ಲಿ (ಬೇರೆ ಕ್ಲಬ್‌ಗೆ ತಾತ್ಕಾಲಿಕ ಎರವಲಾಗಿ) ಸುತ್ತಿರುತ್ತಿದ್ದ. ಇಲ್ಲಿ ವಾರವಾರ ಆಡಿದ, ಗಟ್ಟಿಯಾದ. ಹೊಸ ಮಾಲೀಕ ಮಾರ್ಕಸ್ ಲೀಬರ್ ಬಂದು ಕ್ಲಬ್ಬನ್ನು ಉಳಿಸಿದರು. 2011 ಮತ್ತು 2012ರಲ್ಲಿ ಸತತ ಎರಡು ಬಡ್ತಿ. ಅದರ ನಡುವೆಯೇ ಚೇಂಬರ್ಲೇನ್ ಆರ್ಸೆನಲ್‌ಗೆ ಹೋದ. ಲ್ಯೂಕ್ ಶಾ ಮತ್ತು ಜೇಮ್ಸ್ ವಾರ್ಡ್-ಪ್ರೌಸ್ ಇಬ್ಬರೂ 16ನೇ ವಯಸ್ಸಿನಲ್ಲೇ ಸೀನಿಯರ್ ತಂಡಕ್ಕೆ ಬಂದರು.

2014ರ ಬೇಸಿಗೆಯಲ್ಲಿ ಲಲಾನಾ ಲಿವರ್‌ಪೂಲ್‌ಗೆ, ಶಾ ಮ್ಯಾಂಚೆಸ್ಟರ್ ಯುನೈಟೆಡ್‌ಗೆ, ಕ್ಯಾಲಮ್ ಚೇಂಬರ್ಸ್ ಆರ್ಸೆನಲ್‌ಗೆ. ಕ್ಲಬ್ ಖಾಲಿಯಾಯಿತು, ಇನ್ನು ಬೀಳುವುದೇ ಎಂದರು ಎಲ್ಲರೂ. ಬೀಳಲಿಲ್ಲ, ಮುಂದಿನ ಸೀಸನ್‌ನಲ್ಲಿ ಏಳನೇ ಸ್ಥಾನ, ಅದರ ಮುಂದಿನದರಲ್ಲಿ ಆರನೇ ಸ್ಥಾನ. ಆದರೆ ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಕೈಯಲ್ಲಿ ದುಡ್ಡು ಬಂತು, ಸಿದ್ಧ ಆಟಗಾರರನ್ನು ಕೊಳ್ಳುವ ಅಭ್ಯಾಸ ಬಂತು. ಆಮೇಲಿನ ವರ್ಷಗಳಲ್ಲಿ ಬೇಲ್, ಶಾ ಮಟ್ಟದ ಹೆಸರು ಅಲ್ಲಿಂದ ಬರುವುದು ನಿಂತೇಹೋಯಿತು ಅನ್ನಬಹುದು. ಪೋಷಣೆ ಕಡಿಮೆಯಾಯಿತು ಅಂತಲ್ಲ. ಮೇಲೆ ಜಾಗ ಇರಲಿಲ್ಲ. ವಾರ್ಡ್-ಪ್ರೌಸ್ ಮಾತ್ರ 2023ರವರೆಗೂ ಉಳಿದು ಪ್ರೀಮಿಯರ್ ಲೀಗ್‌ನಲ್ಲಿ 17 ಫ್ರೀ ಕಿಕ್ ಗೋಲು ಹೊಡೆದ. ದಾಖಲೆ ಇಟ್ಟಿರುವ ಬೆಕಮ್‌ಗಿಂತ ಒಂದೇ ಕಡಿಮೆ.

ಇದು ಒಂದು ಕ್ಲಬ್ಬಿನ ಕಥೆ ಮಾತ್ರ ಅಂದುಕೊಳ್ಳಬೇಡಿ. ಚೆಲ್ಸಿಯನ್ನು ನೋಡಿ. 2014ರಿಂದ 2018ರವರೆಗೆ ಸತತ ಐದು ಸಲ ಯೂತ್ ಕಪ್ ಗೆದ್ದರು. ಆ ಹುಡುಗರೆಲ್ಲ ಎಲ್ಲಿ ಹೋದರು? ಬಹುತೇಕರು ಲೋನ್ ಮೇಲೆ ಲೋನ್. 2019ರಲ್ಲಿ ಫಿಫಾ ಹೊಸ ಆಟಗಾರರನ್ನು ಕೊಳ್ಳದಂತೆ ಅವರಿಗೆ ನಿಷೇಧ ಹಾಕಿತು. ಆಗಿನ ಕೋಚ್ ಲ್ಯಾಂಪಾರ್ಡ್‌ಗೆ ಬೇರೆ ದಾರಿಯೇ ಇರಲಿಲ್ಲ. ಮೇಸನ್ ಮೌಂಟ್, ರೀಸ್ ಜೇಮ್ಸ್, ಟ್ಯಾಮಿ ಅಬ್ರಹಾಂ, ಟೊಮೊರಿ ಎಲ್ಲರೂ ಒಟ್ಟಿಗೆ ಬಂದರು. ಎರಡೇ ವರ್ಷದಲ್ಲಿ, 2021ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಗೆಲುವಿನ ಗೋಲಿಗೆ ಪಾಸ್ ಕೊಟ್ಟವನು ಮೌಂಟ್. ನಿಷೇಧ ಬೀಳದಿದ್ದರೆ? ಬಾರ್ಸಿಲೋನಾದ್ದೂ ಅಷ್ಟೇ. ಸಾಲದ ಹೊರೆಯಲ್ಲಿ 2021ರಲ್ಲಿ ಮೆಸ್ಸಿಯನ್ನೇ ಬಿಟ್ಟುಕೊಡಬೇಕಾಯಿತು. ಗಾವಿ, ಬಾಲ್ಡೆ, ಕುಬಾರ್ಸಿ, 15ನೇ ವಯಸ್ಸಿಗೇ ಲೀಗ್ ಪಂದ್ಯ ಆಡಿದ ಲಮೀನ್ ಯಮಾಲ್, ಎಲ್ಲರೂ ಬಂದದ್ದು ಆ ಕಷ್ಟದ ಕಾಲದಲ್ಲೇ ಅಲ್ವಾ?

ಶ್ರೀಮಂತ ಕ್ಲಬ್‌ಗಳಿಂದ ಇದು ಆಗುವುದೇ ಇಲ್ಲ ಎಂದರೆ ತಪ್ಪಾಗುತ್ತದೆ. ಮ್ಯಾಂಚೆಸ್ಟರ್ ಯುನೈಟೆಡ್ 1937ರ ಅಕ್ಟೋಬರ್‌ನಿಂದ ಪ್ರತಿ ಪಂದ್ಯದ ತಂಡದಲ್ಲೂ ಕನಿಷ್ಠ ಒಬ್ಬ ಅಕಾಡೆಮಿ ಆಟಗಾರನನ್ನು ಇಟ್ಟುಕೊಂಡು ಬಂದಿದೆ. ಯಾರೂ ಅವರನ್ನು ಒತ್ತಾಯಿಸಿಲ್ಲ. ಒಂದು ಪಟ್ಟು ಹಿಡಿದರು, ಬಿಡಲಿಲ್ಲ. ಗಿಗ್ಸ್, ಬೆಕಮ್, ಸ್ಕೋಲ್ಸ್, ನೆವಿಲ್ ಸಹೋದರರು ಬಂದದ್ದು ಆ ಪಟ್ಟಿನಿಂದ. ಮನಸ್ಸಿದ್ದರೆ ಆಗುತ್ತದೆ ಎನ್ನಲು ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ನನಗೆ ಸಿಟ್ಟು ಬರುವುದು ಈಗಿನ ಲೆಕ್ಕಪತ್ರದ ಆಟ ನೋಡಿದಾಗ. ಬೇರೆ ಕ್ಲಬ್‌ನಿಂದ ಕೊಂಡ ಆಟಗಾರನ ಬೆಲೆಯನ್ನು ಅವನ ಒಪ್ಪಂದದ ವರ್ಷಗಳಿಗೆ ಹಂಚಿ ಬರೆಯುತ್ತಾರೆ. ಅಕಾಡೆಮಿ ಹುಡುಗನಿಗೆ ಅಂಥ ಬೆಲೆಯೇ ಇಲ್ಲ. ಅವನನ್ನು ಮಾರಿದರೆ ಬಂದ ದುಡ್ಡು ಪೂರ್ತಿ ಲಾಭ. ನಷ್ಟದ ಮಿತಿ ದಾಟದಂತೆ ನೋಡಿಕೊಳ್ಳಬೇಕಾದ ಕ್ಲಬ್‌ಗಳಿಗೆ ಇದು ಸುಲಭದ ದಾರಿ. ಅಂದರೆ ಕ್ಲಬ್ಬನ್ನು ಅತಿ ಹೆಚ್ಚು ಪ್ರೀತಿಸುವ, ಅಲ್ಲೇ ಬೆಳೆದ ಹುಡುಗನೇ ಮೊದಲು ಮಾರಾಟದ ಸಾಲಿಗೆ ಬರುತ್ತಾನೆ. ಮೌಂಟ್‌ನನ್ನು ಚೆಲ್ಸಿ 2023ರಲ್ಲಿ ಮಾರಿತು, ಕಾನರ್ ಗ್ಯಾಲಗರ್‌ನನ್ನು 2024ರಲ್ಲಿ. ಮನೆಯ ಮಕ್ಕಳನ್ನು ಮಾರುವುದಕ್ಕೆ ಬಹುಮಾನ ಕೊಡುವ ನಿಯಮ ಇದು, ನೇರವಾಗಿ ಹೇಳುತ್ತೇನೆ.

ತಂಡದಲ್ಲಿ ಇಲ್ಲೇ ಬೆಳೆದ ಆಟಗಾರರೂ ಇರಲಿ ಎಂಬ ಪ್ರೀಮಿಯರ್ ಲೀಗ್‌ನ 'ಹೋಮ್‌ಗ್ರೋನ್' ನಿಯಮವೂ ಅರ್ಧಂಬರ್ಧ. 21 ತುಂಬುವ ಮುಂಚೆ ಮೂರು ವರ್ಷ ಇಂಗ್ಲೆಂಡ್ ಅಥವಾ ವೇಲ್ಸ್ ಕ್ಲಬ್‌ನಲ್ಲಿ ನೋಂದಾಯಿತನಾಗಿದ್ದರೆ ಸಾಕು. ಅವನು ಒಂದು ನಿಮಿಷವೂ ಆಡದೆ ಬೆಂಚಿನಲ್ಲಿ ಕೂತಿದ್ದರೂ ಲೆಕ್ಕಕ್ಕೆ ಬರುತ್ತಾನೆ. ನೋಂದಣಿಯ ಬದಲು ಆಡಿದ ನಿಮಿಷ ಎಣಿಸಲಿ. ಸ್ವಂತ ಅಕಾಡೆಮಿಯ ಹುಡುಗರಿಗೆ ಸೀಸನ್ನಿನಲ್ಲಿ ಇಂತಿಷ್ಟು ನಿಮಿಷ ಕೊಟ್ಟ ಕ್ಲಬ್ಬಿಗೆ ಟಿವಿ ಹಣದಲ್ಲಿ ಒಂದು ಪಾಲು ಹೆಚ್ಚು ಕೊಡಲಿ. ಹುಡುಗನನ್ನು ಮಾರಿದಾಗ ಅವನ ಮೊದಲ ಕ್ಲಬ್ಬಿಗೂ ಒಳ್ಳೆಯ ಪಾಲು ಹೋಗಲಿ. ಸೌತಾಂಪ್ಟನ್‌ಗೂ ಈ ಮಾತು ಅನ್ವಯಿಸುತ್ತದೆ. ವಾಲ್ಕಾಟ್ ಅವರಿಗೆ ಸಿಕ್ಕಿದ್ದು ಸ್ವಿಂಡನ್‌ನಿಂದ, ಲಲಾನಾ ಬೋರ್ನ್‌ಮತ್‌ನಿಂದ.

ಇಬ್ಬರೂ ಆಟದ ಕೊನೆಯ ವರ್ಷಗಳಲ್ಲಿ ಸೌತಾಂಪ್ಟನ್‌ಗೇ ವಾಪಸ್ ಬಂದರು, ಅದೊಂದು ಖುಷಿ. ಆದರೆ ಕ್ಲಬ್ 2025ರಲ್ಲಿ ಬರೀ 12 ಅಂಕದೊಂದಿಗೆ ಮತ್ತೆ ಕೆಳಗಿಳಿಯಿತು. ಅಂಥ ಸೀಸನ್‌ನಲ್ಲೂ ಟೈಲರ್ ಡಿಬ್ಲಿಂಗ್ ಎಂಬ ಅಕಾಡೆಮಿ ಹುಡುಗ ಪಂದ್ಯದಿಂದ ಪಂದ್ಯಕ್ಕೆ ಆಡುತ್ತಾ ಹೋದ, ತನಗಿಂತ ಹತ್ತು ವರ್ಷ ದೊಡ್ಡವರನ್ನು ಡ್ರಿಬಲ್ ಮಾಡುತ್ತಾ. ಆಗಸ್ಟ್‌ನಲ್ಲಿ ಎವರ್ಟನ್ ಅವನನ್ನು ಕೊಂಡಿತು. ಅಲ್ಲಿ ಅವನು ಆಡುವ ನಿಮಿಷಗಳ ಮೇಲೆ ನನ್ನ ಕಣ್ಣಿದೆ.