ಊಟದ ಕೈ ಕಡೆ ಹಸಿರು

ನಾನು ಜೀವನದಲ್ಲಿ ಒಮ್ಮೆ ಟ್ಯೂಬ್‌ಲೈಟಿನ ಚೋಕ್ ಬದಲಾಯಿಸಿದ್ದೇನೆ. ಅಷ್ಟಕ್ಕೇ ಗಂಗೊಳ್ಳಿಯ ಭಾವ ನನ್ನನ್ನು ಎಲೆಕ್ಟ್ರಿಷಿಯನ್ ಅಂತ ನಂಬಿದ್ದು ಅವರ ತಪ್ಪು.

ಅವರ 18 ಅಡಿಯ ಫೈಬರ್ ದೋಣಿಗೆ ರಾತ್ರಿ ದೀಪ ಹಾಕಬೇಕಿತ್ತು. ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಮೇಲೆ ಸುತ್ತಲೂ ಕಾಣುವ ಒಂದು ಬಿಳಿ. "7 ಮೀಟರಿಗಿಂತ ಚಿಕ್ಕ ದೋಣಿಗೆ ಬಿಳಿ ಒಂದೇ ಸಾಕಂತೆ" ಅಂದೆ. ಓದಿಕೊಂಡೇ ಹೋಗಿದ್ದೆ. "ಅದು 7 ನಾಟ್ ವೇಗ ದಾಟದ ದೋಣಿಗೆ ಮಾರಾಯ, ನಮ್ದು ಅದಕ್ಕಿಂತ ಜೋರು ಓಡ್ತದೆ" ಅಂದು ಭಾವ ಬಲೆ ಬಿಡಿಸಲು ಕೂತರು.

ಮರೆಯಬಾರದಲ್ಲ ಅಂತ ಸೂತ್ರ ಮಾಡಿಕೊಂಡೆ: ಊಟದ ಕೈ ಕಡೆ ಬಾಳೆಎಲೆ, ಅಂದ್ರೆ ಬಲಕ್ಕೆ ಹಸಿರು. ಫೈಬರಿಗೆ ಡ್ರಿಲ್ ಹಾಕಿದಾಗ ಹಾರಿದ ಪುಡಿ ಎರಡು ದಿನ ಮೈಯೆಲ್ಲ ತುರಿಸಿತು. ಎಂಟು ಸ್ಕ್ರೂಗಳಲ್ಲಿ ಮೂರು ಹೊಳೆ ಪಾಲು. 12 ವೋಲ್ಟ್ ಬ್ಯಾಟರಿ, ಪ್ಲಸ್ ಪಕ್ಕದಲ್ಲೇ ಫ್ಯೂಸ್, ಎಲ್ಲಾ ಸರಿ ಇದ್ದರೂ ದೀಪ ಹತ್ತಲಿಲ್ಲ, ಯಾಕಂದ್ರೆ ಈ ಎಲ್‌ಇಡಿಗೆ ಪ್ಲಸ್ಸು ಮೈನಸ್ಸು ಅದಲುಬದಲಾದರೆ ಮುನಿಸಿಕೊಂಡು ಸುಮ್ನೆ ಕೂತುಬಿಡುತ್ತೆ, ಹಳೇ ಬಲ್ಬಿಗೆ ಈ ಬಿಂಕ ಇರಲಿಲ್ಲ. ಒಂದು ದೀಪದ ಮೇಲೆ 'ಪೋರ್ಟ್' ಅಂತ ಬರೆದಿತ್ತು. ಚಾರ್ಜರ್ ಸಿಕ್ಕಿಸುವ ಜಾಗ ಇರಬೇಕು ಅಂತ ಬಿಟ್ಟೆ.

ಸಂಜೆ ಕತ್ತಲಾದ ಮೇಲೆ ಅಳಿವೆ ಕಡೆ ಹೊರಟೆವು. ಇಂಜಿನ್ ಹಿಡಿದು ಹಿಂದೆ ಕೂತ ಭಾವನ ಕಣ್ಣಿಗೆ ಕೆಂಪು ದೀಪ ಕುಕ್ಕುತ್ತಿತ್ತು. "ಹೊಸದು ಅಲ್ವಾ, ಪವರ್ ಜಾಸ್ತಿ" ಅಂದೆ. ಅಷ್ಟರಲ್ಲಿ ಹಿಂದಿನ ದೋಣಿಯಿಂದ ಟಾರ್ಚ್ ಬಿತ್ತು. "ಓಯ್! ಎದುರು ಬರ್ತೀರಾ, ಮುಂದೆ ಹೋಗ್ತೀರಾ, ಒಂದು ಹೇಳಿ!"

ಆಗಿದ್ದು ಇಷ್ಟೇ. ಬದಿಯ ದೀಪ ನೇರ ಮುಂದಿನಿಂದ 112.5 ಡಿಗ್ರಿವರೆಗೆ ಮಾತ್ರ ಬೆಳಗಬೇಕು, ಹಿಂದಿನವರಿಗೆ ಕಾಣಲೇಬಾರದು. ನಾನೋ ದೋಣಿಯ ಮೂತಿಯಲ್ಲಿ, ಭಾವನ ಕಡೆ ಮುಖ ಮಾಡಿ ಕೂತು, ನನ್ನದೇ ಊಟದ ಕೈ ಲೆಕ್ಕ ಹಿಡಿದಿದ್ದೆ. ಆ 'ಪೋರ್ಟ್' ಅಂದ್ರೆ ದೋಣಿಯ ಎಡಬದಿಯಂತೆ. ಎರಡೂ ದೀಪ ಕಡೆ ಬದಲಾಗಿ, ಮುಖವನ್ನೂ ಹಿಂದಕ್ಕೆ ತಿರುಗಿಸಿಕೊಂಡಿದ್ದವು. ಹಿಂದೆ ಬರುವವರಿಗೆ ನಾವು ನೇರ ಅವರ ಮೇಲೇ ನುಗ್ಗುತ್ತಿದ್ದೆವು. ಎದುರು ಬರುವವರಿಗೆ ಕಾಣುತ್ತಿದ್ದದ್ದು ಬಿಳಿ ಒಂದೇ, ಅಂದ್ರೆ ನಾವು ದೂರ ಹೋಗುತ್ತಿದ್ದೆವು!

ಮರುದಿನ ಹಳೇ ತೂತುಗಳಿಗೆ ಎಂ-ಸೀಲ್ ಮೆತ್ತುವಾಗ ಭಾವ ಒಂದು ಮಾತೂ ಆಡಲಿಲ್ಲ. ಮಧ್ಯಾಹ್ನ ಅಕ್ಕ ಎಲೆ ಹಾಕಿ, ಎದುರು ನಿಂತು, ಉಪ್ಪಿನಕಾಯಿ ಸೌಟು ಹಿಡಿದು ಕೇಳಿದಳು: "ನಿನ್ನ ಎಡಕ್ಕೆ ಬಡಿಸ್ಲಾ, ನನ್ನ ಎಡಕ್ಕಾ?"